ಹಸಿರು ಗುಡ್ಡ, ಹಸಿರು ಆಮೆ

ಚೆನ್ನೈನ ಪೆರುಂಗುಡಿಯಲ್ಲಿ, ಮೂರನೆಯ ಮಹಡಿಯ ಒಂದು ಕೋಣೆಯಲ್ಲಿ, ಇವತ್ತಿಗೂ ಬೆಳಿಗ್ಗೆ ಒಂಬತ್ತೂವರೆಗೆ ವಿಂಡೋಸ್ ಎಕ್ಸ್‌ಪಿಯ ಹಸಿರು ಗುಡ್ಡ ಏಳುತ್ತದೆ. ನೀಲಿ ಆಕಾಶ, ಚೆದುರಿದ ಬಿಳಿ ಮೋಡ, ಮರವೊಂದೂ ಇಲ್ಲದ ಇಳಿಜಾರು. ಚಾರ್ಲ್ಸ್ ಓರಿಯರ್ ಎಂಬ ಛಾಯಾಗ್ರಾಹಕ 1996ರಲ್ಲಿ ಕ್ಯಾಲಿಫೋರ್ನಿಯಾದ ಸೊನೋಮಾ ಪ್ರಾಂತ್ಯದಲ್ಲಿ ತೆಗೆದ ಚಿತ್ರ ಅದು. 2001ರ ಅಕ್ಟೋಬರಿನಲ್ಲಿ ಎಕ್ಸ್‌ಪಿಯ ಜೊತೆ ಜಗತ್ತಿನ ಮೇಜುಗಳಿಗೆಲ್ಲ ಬಂತು. 2014ರ ಏಪ್ರಿಲ್ 8ಕ್ಕೆ ಮೈಕ್ರೋಸಾಫ್ಟ್ ಎಕ್ಸ್‌ಪಿಯ ಕೈಬಿಟ್ಟಿತು. ಈ ಕೋಣೆಯವರು ಬಿಟ್ಟಿಲ್ಲ. ಗುಡ್ಡದ ಪಕ್ಕದ ಚೌಕದಲ್ಲಿ ವಿಂಡೋಸ್ 7, ಅದರಾಚೆ 10, 11, ಮೇಲೊಂದು ಉಬುಂಟು, ಕೆಳಗಿನ ಮೂಲೆಯಲ್ಲಿ ಬಾಸ್ ಲಿನಕ್ಸ್. ಮೇಜಿನ ಕೆಳಗಿರುವ ಕಪ್ಪು ಡಬ್ಬ ಮಾತ್ರ ಒಂದೇ. ಅದರ ಫ್ಯಾನು ಒಂದೇ ಸಮನೆ ಗುಂಯ್‌ಗುಡುತ್ತಿರುತ್ತದೆ.

ಕಿಟಕಿಯಾಚೆ ಹಳೆಯ ಮಹಾಬಲಿಪುರಂ ರಸ್ತೆ. ಸರ್ಕಾರಿ ಫಲಕದಲ್ಲಿ ರಾಜೀವ್ ಗಾಂಧಿ ಸಾಲೈ, ಜನರ ಬಾಯಲ್ಲಿ ಓಎಂಆರ್. ಮೆಟ್ರೊ ಎರಡನೇ ಹಂತದ ಕಂಬಗಳು ರಸ್ತೆಯ ನಡುವೆ ಎದ್ದು ನಿಂತಿವೆ. ಅವುಗಳ ಎರಡೂ ಬದಿಗೆ ಷೇರ್ ಆಟೋ, ಕಂಪನಿ ಬಸ್ಸು, ಊಟದ ಚೀಲ ಹೊತ್ತ ಸ್ಕೂಟರ್‌ಗಳು ಒಂದನ್ನೊಂದು ಒರೆಸಿಕೊಂಡು ತೆವಳುತ್ತವೆ. ಹೊರಗೆ ಮೈಗೆ ಅಂಟುವ ಸೆಕೆ, ಒಳಗೆ ಸ್ವೆಟರ್ ಹಾಕಿಕೊಳ್ಳುವಷ್ಟು ಏಸಿ. ಚೆನ್ನೈನಲ್ಲಿ ಮಾತ್ರ ಕಿಟಕಿಯ ಗಾಜು ಹೊರಗಿನಿಂದ ಬೆವರುತ್ತದೆ ಎಂದು ನಾನು ಹೇಳಿದರೆ ಮಂಗಳೂರಿನವರು ಜಗಳಕ್ಕೆ ಬರುತ್ತಾರೆ. ಇರಲಿ.

ಇಲ್ಲಿ ತಯಾರಾಗುವುದು ಸಣ್ಣ ಅಂಗಡಿಗಳಿಗೆ, ಸಹಕಾರ ಸಂಘಗಳಿಗೆ ಬೇಕಾದ ಬಿಲ್ಲು-ಲೆಕ್ಕದ ತಂತ್ರಾಂಶ. ಸೆಟಪ್ ಫೈಲನ್ನು ಎರಡು ಸಲ ಒತ್ತಿ, ‘ನೆಕ್ಸ್ಟ್, ನೆಕ್ಸ್ಟ್’ ಎಂದು ಹಾಕಿಕೊಳ್ಳುವ ಹಳೇ ಜಾತಿಯದು. ತಮಿಳು, ಕನ್ನಡ, ತೆಲುಗು ಮೂರರಲ್ಲೂ ನಡೆಯಬೇಕು. ಅದನ್ನು ಬರೆಯುವವರು ಕೋಣೆಯ ಆ ತುದಿಯಲ್ಲಿ. ಬರೆದದ್ದನ್ನು ಮುರಿದು ನೋಡುವ ಹುಡುಗ ಈ ತುದಿಯಲ್ಲಿ. ಈರೋಡ್ ಜಿಲ್ಲೆಯ ತಾಳವಾಡಿಯವನು. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತಮಿಳು; ಫೋನಿನಲ್ಲಿ ಅವ್ವನ ಜೊತೆ ಮಾತಾಡುವಾಗ ಗಡಿಯ ಆಚೆಗಿನ ಚಾಮರಾಜನಗರವೇ ಕೇಳಿಸುತ್ತದೆ. “ಬರೆದವ್ನ ಕಂಪ್ಯೂಟರಿನಲ್ಲಿ ಓಡಿದ್ರೆ ಓಡಿದ ಹಾಗಲ್ಲ ಸಾರ್,” ಅನ್ನುತ್ತಾನೆ. “ಅವ್ನದ್ರಲ್ಲಿ ಬೇಕಾದ್ದು ಬೇಡದ್ದು ಎಲ್ಲಾ ಮೊದಲೇ ಹಾಕಿರ್ತಾನೆ. ಗಿರಾಕಿ ಮಿಷನ್‌ನಲ್ಲಿ ಏನಿರ್ತದ?”

ಗಿರಾಕಿಯ ಮಿಷನ್ ಇಲ್ಲಿಗೆ ಬರುವುದಿಲ್ಲ. ಅದು ಯಾವುದೋ ತಾಲ್ಲೂಕಿನ ಗೊಬ್ಬರದ ಅಂಗಡಿಯಲ್ಲಿ, ದೂಳು ಮುಚ್ಚಿದ ಕೀಬೋರ್ಡಿನ ಹಿಂದೆ ಕೂತಿದೆ. ಆದ್ದರಿಂದ ಅಂಥದ್ದನ್ನೇ ಇಲ್ಲಿ ಕಟ್ಟಬೇಕು. ಅದಕ್ಕೇ ವರ್ಚುವಲ್ ಮಷೀನು. ಈ ಕೋಣೆಯ ಭಾಷೆಯಲ್ಲಿ ‘ವಿಎಂ’.

ಮದರಾಸಿಗೆ ಈ ಕೆಲಸ ಹೊಸದೇನಲ್ಲ. ‘ಬೇಡರ ಕಣ್ಣಪ್ಪ’ದ (1954) ಕಾಲದಿಂದ ಎಷ್ಟೋ ವರ್ಷ ಕನ್ನಡ ಸಿನಿಮಾ ತಯಾರಾದದ್ದು ಈ ಊರಿನ ಸ್ಟುಡಿಯೋಗಳಲ್ಲೇ. ಅಲ್ಲಿ ಹಲಗೆ, ಬಟ್ಟೆ, ಬಣ್ಣದಲ್ಲಿ ಮನೆ ಏಳುತ್ತಿತ್ತು. ಕ್ಯಾಮೆರಾ ಅದನ್ನು ಮನೆಯೆಂದೇ ನಂಬುತ್ತಿತ್ತು. ವಿಎಂ ಕೂಡ ಅಂಥ ಸೆಟ್ಟು. ಒಳಗೆ ಕೂತ ವಿಂಡೋಸಿಗೆ ತನಗೊಂದು ಮದರ್‌ಬೋರ್ಡ್ ಇದೆ, ಡಿಸ್ಕ್ ಇದೆ, ನೆಟ್‌ವರ್ಕ್ ಕಾರ್ಡ್ ಇದೆ ಎಂಬ ನಂಬಿಕೆ. ಅದರ ಡಿಸ್ಕು ಹೊರಗಿನವರ ಕಣ್ಣಿಗೆ ಬರೀ ಒಂದು ಫೈಲು. ವರ್ಚುವಲ್‌ಬಾಕ್ಸ್ ಎಂಬ ತಂತ್ರಾಂಶದಲ್ಲಿ ಮಷೀನು ಕಟ್ಟುವಾಗ ಚಿಪ್‌ಸೆಟ್ ಜಾಗದಲ್ಲಿ ‘ಪಿಐಐಎಕ್ಸ್3’ ಎಂಬ ಹೆಸರು ಕಾಣುತ್ತದೆ. ಅದು ಇಂಟೆಲ್ 1996ರಲ್ಲಿ ತಂದ ಚಿಪ್ಪು. ಅಂಗಡಿಯಲ್ಲಿ ಹುಡುಕಿದರೂ ಸಿಗದ ಆ ಚಿಪ್ಪು ಇಂಥ ಸುಳ್ಳು ಯಂತ್ರಗಳೊಳಗೆ ಇನ್ನೂ ನೌಕರಿ ಮಾಡುತ್ತಿದೆ. ಹಳೆಯ ವಿಂಡೋಸ್‌ಗಳಿಗೆಲ್ಲ ಅದರ ಪರಿಚಯ ಇರುವುದರಿಂದ ತಕರಾರಿಲ್ಲದೆ ಒಪ್ಪಿಕೊಳ್ಳುತ್ತವೆ.

ಯಂತ್ರದೊಳಗೆ ಯಂತ್ರ ಇಡುವ ಈ ಉಪಾಯ ನಾವು ಅಂದುಕೊಂಡದ್ದಕ್ಕಿಂತ ಹಳೆಯದು. ಐಬಿಎಂ 1972ರಲ್ಲಿ ತನ್ನ ಸಿಸ್ಟಂ 370 ಗಣಕಗಳಿಗೆಂದು ‘ವಿಎಂ 370’ ಹೊರತಂದಿತು: ಕೋಣೆ ತುಂಬುವ ಒಂದು ಗಣಕವನ್ನು ಹಲವರು ಬಳಸುವಾಗ ಪ್ರತಿಯೊಬ್ಬನಿಗೂ ಇಡೀ ಯಂತ್ರ ತನ್ನದೇ ಎನಿಸುವ ಏರ್ಪಾಡು. ಅದೇ ಕುಟುಂಬದ 370/155 ಗಣಕ ಮರುವರ್ಷ, 1973ರಲ್ಲಿ, ಇಲ್ಲಿಂದ ತುಸು ದೂರದ ಐಐಟಿ ಮದ್ರಾಸಿಗೆ ಬಂತು. ಆಮೇಲೆ ಸಣ್ಣ ಕಂಪ್ಯೂಟರಿನ ಕಾಲ. 1999ರಲ್ಲಿ ವಿಎಂವೇರ್ ಕಂಪನಿ ಸಾಧಾರಣ ಪಿಸಿಯಲ್ಲೂ ಇದನ್ನು ಸಾಧಿಸಿ ತೋರಿಸಿತು. 2005ರ ಕೊನೆಗೆ ಇಂಟೆಲ್ ತನ್ನ ಪ್ರೊಸೆಸರಿನೊಳಗೇ ಇದಕ್ಕೆ ಬೇಕಾದ ಅನುಕೂಲ ಇಟ್ಟಿತು, ಹೆಸರು ವಿಟಿ-ಎಕ್ಸ್. 2007ರಲ್ಲಿ ಜರ್ಮನಿಯ ಇನೊಟೆಕ್ ಕಂಪನಿ ವರ್ಚುವಲ್‌ಬಾಕ್ಸನ್ನು ಮುಕ್ತ ತಂತ್ರಾಂಶವಾಗಿ ಬಿಟ್ಟಿತು. ಅದು ಮರುವರ್ಷ ಸನ್ ಮೈಕ್ರೋಸಿಸ್ಟಮ್ಸ್ ಪಾಲಾಯಿತು, 2010ರಲ್ಲಿ ಒರಾಕಲ್ ಪಾಲಾಯಿತು. ಯಜಮಾನರು ಬದಲಾದರೂ ಅದರ ಮೂಲ ಪೊಟ್ಟಣ ಇಂದಿಗೂ ಪುಕ್ಕಟೆ. ಹೀಗೆ ಐಐಟಿಯ ಗೋಡೆಯೊಳಗಿನ ವೈಭವ ಪೆರುಂಗುಡಿಯ ಬಾಡಿಗೆ ಕೋಣೆಗೂ ಎಟುಕಿತು.

ಇವತ್ತು ಹುಡುಗ ಹೊಸದೊಂದು ಮಷೀನು ಕಟ್ಟಬೇಕಾಗಿದೆ. ಹೊಸದಾಗಿ ಬಂದ ಲ್ಯಾಪ್‌ಟಾಪಿನ ಮೇಲೆ. ವರ್ಚುವಲ್‌ಬಾಕ್ಸ್ ತೆರೆದು, ವಿಂಡೋಸ್ 10ರ ಐಎಸ್‌ಒ ಫೈಲು ತೋರಿಸಿ, ‘ಸ್ಟಾರ್ಟ್’ ಒತ್ತಿದ. ಕೆಂಪು ಗುರುತಿನ ಸಂದೇಶ: ಬಯಾಸ್‌ನಲ್ಲಿ ವಿಟಿ-ಎಕ್ಸ್ ಮುಚ್ಚಿದೆ. ಅನುಕೂಲ ಚಿಪ್ಪಿನೊಳಗಿದ್ದರೂ ಎಷ್ಟೋ ಕಂಪ್ಯೂಟರ್‌ಗಳಲ್ಲಿ ಅದರ ಬಾಗಿಲು ಹಾಕಿಯೇ ಕಳಿಸಿರುತ್ತಾರೆ. ಲ್ಯಾಪ್‌ಟಾಪ್ ಆರಿಸಿ, ಹೊತ್ತಿಸಿ, ಲೋಗೋ ಮೂಡುವ ಮೊದಲೇ ಎಫ್2 ಕೀಲಿಯನ್ನು ಟಕಟಕ ಬಡಿದ. ನೀಲಿ ಪುಟದಲ್ಲಿ ‘ವರ್ಚುವಲೈಸೇಷನ್’ ಎಂಬ ಸಾಲು ಹುಡುಕಿ ತೆರೆದ. ಮತ್ತೆ ಶುರು.

ಈಗ ಮಷೀನು ಓಡಿತು, ಆದರೆ ಕುಂಟುತ್ತ. ಕಿಟಕಿಯ ಕೆಳಪಟ್ಟಿಯಲ್ಲಿ ಸಣ್ಣದೊಂದು ಹಸಿರು ಆಮೆ ಬಂದು ಕೂತಿದೆ. ವರ್ಚುವಲ್‌ಬಾಕ್ಸ್ ಮಾಡಿದವರ ಹಾಸ್ಯಪ್ರಜ್ಞೆಗೆ ಮೆಚ್ಚಬೇಕು. ವಿಂಡೋಸಿನದೇ ಆದ ‘ಹೈಪರ್-ವಿ’ ಎಂಬ ವಿಎಂ ವ್ಯವಸ್ಥೆ, ಪ್ರೊಸೆಸರಿನ ಆ ಅನುಕೂಲವನ್ನು ಮೊದಲೇ ಹಿಡಿದುಕೊಂಡಿದ್ದರೆ, ವರ್ಚುವಲ್‌ಬಾಕ್ಸ್ ಅದರ ಬೆನ್ನ ಹಿಂದೆ ನಿಂತು ಕೆಲಸ ಮಾಡಬೇಕಾಗುತ್ತದೆ. ‘ನಿಧಾನವಾದರೆ ನನ್ನನ್ನು ಬಯ್ಯಬೇಡಿ’ ಎನ್ನುವುದಕ್ಕೆ ಆ ಆಮೆ. ಹುಡುಗ ಹೈಪರ್-ವಿಯನ್ನು ಬಿಡಿಸಿ, ಮತ್ತೊಮ್ಮೆ ಲ್ಯಾಪ್‌ಟಾಪ್ ಆರಿಸಿ ಹೊತ್ತಿಸಿದ. ಆಮೆ ಹೋಯಿತು.

ಮುಂದಿನದು ಹಂಚಿಕೆ. ಉಳಿದ ಮಷೀನುಗಳೆಲ್ಲ ಓಡುವ, ಮೇಜಿನ ಕೆಳಗಿನ ಕಪ್ಪು ಡಬ್ಬದಲ್ಲಿ 32 ಜಿಬಿ ರ‍್ಯಾಮ್. ಅರ್ಧದಷ್ಟನ್ನು ಅವನು ರಿಚ್ಚಿ ಸ್ಟ್ರೀಟಿನಿಂದ ತಂದು ತಾನೇ ಸಿಕ್ಕಿಸಿದ್ದು. ಅಣ್ಣಾ ಸಾಲೈನಿಂದ ಒಳಗೆ ತಿರುಗಿದರೆ ಸಿಗುವ ಆ ಓಣಿಯಲ್ಲಿ ಭುಜ ತಿರುಗಿಸದೆ ನಡೆಯಲಾಗದು. ಮೇಲೆ ಒಂದರ ಮೇಲೊಂದು ಫಲಕ, ಕೆಳಗೆ ಕೇಬಲ್ಲಿನ ಸುರುಳಿ, ಕೆಪ್ಯಾಸಿಟರಿನ ಡಬ್ಬ, ಬಿಚ್ಚಿದ ಲ್ಯಾಪ್‌ಟಾಪಿನ ಬೆನ್ನು, ನಡುವೆ ಲೆಮನ್ ಜ್ಯೂಸಿನ ಗಾಡಿ. ಅಂಗಡಿಯವನ ಕೈ ಕ್ಯಾಲ್ಕುಲೇಟರ್ ಮೇಲೆ, ಬಾಯಿ ಇನ್ನೊಬ್ಬ ಗಿರಾಕಿಯ ಜೊತೆ. ಚೆನ್ನೈನ ಟೆಸ್ಟಿಂಗ್ ಕೋಣೆಗಳ ಕಾಲುಭಾಗವಾದರೂ ಆ ಓಣಿಯ ಋಣದಲ್ಲಿದೆ ಎಂದು ನನ್ನ ಅಂದಾಜು. ತಂದದ್ದನ್ನು ಹೇಗೆ ಹಂಚುವುದು? ಎಕ್ಸ್‌ಪಿಗೆ ಅರ್ಧ ಜಿಬಿ ಕೊಟ್ಟರೂ ಖುಷಿ. ವಿಂಡೋಸ್ 7ಕ್ಕೆ ಎರಡು. ವಿಂಡೋಸ್ 11 ನಾಲ್ಕಕ್ಕಿಂತ ಕಡಿಮೆಗೆ ಒಪ್ಪುವುದಿಲ್ಲ. ಮೇಲೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ಪೂ ಬೇಕು ಎನ್ನುತ್ತದೆ. 2022ರಲ್ಲಿ ಬಂದ ವರ್ಚುವಲ್‌ಬಾಕ್ಸ್ 7 ಆ ಚಿಪ್ಪಿನ ಸೋಗನ್ನೂ ಹಾಕಿ ತೋರಿಸುತ್ತದೆ.

ಹುಡುಗ ಗಿರಾಕಿಯ ಮಷೀನಿಗೆ ಬೇಕೆಂದೇ ಕಡಿಮೆ ಕೊಡುತ್ತಾನೆ. ಎರಡೇ ಜಿಬಿ ರ‍್ಯಾಮ್, ಒಂದೇ ಕೋರ್, 1366 ಅಡ್ಡ 768ರ ಪರದೆ. ಡಿಸ್ಕಿಗೆ 50 ಜಿಬಿ ಎಂದು ಬರೆದರೂ ಫೈಲು ಮೊದಲಿಗೆ ಚಿಕ್ಕದೇ. ಒಳಗೆ ತುಂಬಿದಂತೆ ಹೊರಗೆ ಬೆಳೆಯುತ್ತದೆ. ಇದು ಅನುಕೂಲವೂ ಹೌದು, ಅಪಾಯವೂ ಹೌದು. ಆರು ಮಷೀನುಗಳಿಗೂ ಐವತ್ತೈವತ್ತು ಎಂದು ಮಾತು ಕೊಟ್ಟು, ನಿಜವಾದ ಡಿಸ್ಕಿನಲ್ಲಿ ಅಷ್ಟು ಜಾಗ ಇಲ್ಲದಿದ್ದರೆ, ಯಾವುದೋ ಮಧ್ಯಾಹ್ನ ಎಲ್ಲವೂ ಒಟ್ಟಿಗೆ ನಿಂತುಬಿಡುತ್ತವೆ.

ಇಪ್ಪತ್ತು ನಿಮಿಷದಲ್ಲಿ ವಿಂಡೋಸ್ ಕೂತಿತು. ಮೌಸಿನ ಬಾಣ ಒಳಗೆ ಹೋದದ್ದು ಹೊರಗೆ ಬಾರದೆ ಒದ್ದಾಡಿತು. ಬಲಗಡೆಯ ಕಂಟ್ರೋಲ್ ಕೀಲಿ ಒತ್ತಿದರೆ ಬಿಡುಗಡೆ. ‘ಗೆಸ್ಟ್ ಅಡಿಷನ್ಸ್’ ಹಾಕಿದ ಮೇಲೆ ಆ ತಂಟೆಯೂ ಇಲ್ಲ. ಪರದೆ ಸರಿಯಾಗಿ ಹಿಗ್ಗುತ್ತದೆ, ಇಲ್ಲಿ ಕಾಪಿ ಮಾಡಿದ್ದು ಅಲ್ಲಿ ಪೇಸ್ಟ್ ಆಗುತ್ತದೆ. ಆಮೇಲೆ ಬೇರೇನನ್ನೂ ಹಾಕಲಿಲ್ಲ. ಆಫೀಸ್ ಬೇಡ, ಕ್ರೋಮ್ ಬೇಡ, ಅವನಿಗೆ ಅಷ್ಟು ಇಷ್ಟವಾದ ನೋಟ್‌ಪ್ಯಾಡ್ ಪ್ಲಸ್‌ಪ್ಲಸ್ಸೂ ಬೇಡ. “ಇದಕ್ಕ ಏನೂ ಗೊತ್ತಿರಬಾರದು ಸಾರ್.” ಮಷೀನು ಆರಿಸಿ, ‘ಸ್ನ್ಯಾಪ್‌ಶಾಟ್’ ಒತ್ತಿ, ‘ಖಾಲಿ’ ಎಂದು ಹೆಸರಿಟ್ಟ.

ಈ ಕೋಣೆಯ ಬದುಕೆಲ್ಲ ನಿಂತಿರುವುದು ಆ ಖಾಲಿಯ ಮೇಲೆ. ದಿನವಿಡೀ ಆ ಮಷೀನಿಗೆ ಏನು ಬೇಕಾದರೂ ಮಾಡಬಹುದು. ಸಂಜೆ ‘ರಿಸ್ಟೋರ್’ ಒತ್ತಿದರೆ ಏನೂ ಆಗಿಯೇ ಇಲ್ಲವೆಂಬಂತೆ ಮೊದಲಿನ ಸ್ಥಿತಿ. ಹಾಗೆಂದು ಸಿಕ್ಕಸಿಕ್ಕಲ್ಲಿ ಸ್ನ್ಯಾಪ್‌ಶಾಟ್ ತೆಗೆಯುತ್ತ ಹೋದರೆ ಒಂದಕ್ಕೊಂದು ನೇತುಬಿದ್ದ ಸರಪಳಿಯಾಗುತ್ತದೆ, ಡಿಸ್ಕು ನುಂಗುತ್ತದೆ, ಮಷೀನು ಎಳೆಯುತ್ತದೆ. ಒಂದು ಖಾಲಿ, ಅದರ ಮೇಲೆ ಹೆಚ್ಚೆಂದರೆ ಇನ್ನೆರಡು. ಅದು ಇವನ ಲೆಕ್ಕ.

ಖಾಲಿ ಮಷೀನಿನಲ್ಲಿ ಮೊದಲ ಪೆಟ್ಟು ಬಿದ್ದದ್ದು ಸೆಟಪ್ಪಿಗೇ. ತಂತ್ರಾಂಶ ಹಾಕಿಕೊಂಡಿತು, ತೆರೆಯಲಿಲ್ಲ. ‘ಎಂಎಸ್‌ವಿಸಿಪಿ140.ಡಿಎಲ್‌ಎಲ್ ಸಿಗುತ್ತಿಲ್ಲ.’ ಆ ತುದಿಯಿಂದ ಬರೆದವನ ಉತ್ತರ, ಭೂಮಿಯ ಮೇಲಿನ ಎಲ್ಲ ಪ್ರೋಗ್ರಾಮರ್‌ಗಳ ಉತ್ತರ: “ನನ್ನಲ್ಲಿ ಓಡ್ತಿದೆಯಲ್ಲ!” ಓಡದೆ ಏನು? ಅವನ ಕಂಪ್ಯೂಟರಿನಲ್ಲಿ ವಿಷುವಲ್ ಸ್ಟುಡಿಯೋ ಇದೆ, ಅದರ ಹಿಂದೆಯೇ ಆ ಫೈಲೂ ಬಂದು ಕೂತಿದೆ. ಗೊಬ್ಬರದ ಅಂಗಡಿಯಲ್ಲಿ ಅದಿಲ್ಲ. ಸೆಟಪ್ಪಿನ ಜೊತೆಗೇ ಆ ರನ್‌ಟೈಮ್ ಕಟ್ಟಿಕೊಡಬೇಕು. ಇದೊಂದನ್ನು ಹಿಡಿದರೆ ಸಾಕು, ಕಟ್ಟಿದ ಮಷೀನಿನ ಶ್ರಮ ತೀರಿತು.

ಎರಡನೆಯ ಪರೀಕ್ಷೆ ನನಗೆ ಬಹಳ ಹಿಡಿಸಿದ್ದು. ಬಿಲ್ಲು ಉಳಿಸುತ್ತಿರುವಾಗಲೇ ಹುಡುಗ ಮಷೀನಿನ ‘ಪವರ್ ಆಫ್’ ಒತ್ತಿಬಿಟ್ಟ. ಊರಿನಲ್ಲಿ ಕರೆಂಟು ಹೋಗುವುದು ಹೀಗೇ ಅಲ್ಲವೆ, ಹೇಳಿ ಕೇಳಿ ಹೋಗುವುದಿಲ್ಲ. ಮತ್ತೆ ಹೊತ್ತಿಸಿದಾಗ ಲೆಕ್ಕದ ಕಡತ ಹಾಳಾಗಿರಬಾರದು, ಅರ್ಧ ಬಿಲ್ಲು ಉಳಿದಿರಬಾರದು. ನಿಜವಾದ ಕಂಪ್ಯೂಟರಿಗೆ ದಿನಕ್ಕೆ ಐವತ್ತು ಸಲ ಹೀಗೆ ಮಾಡಿದರೆ ಅದು ಉಳಿಯುವುದಿಲ್ಲ. ಮೂರನೆಯದು ಗಡಿಯಾರ. 2025ರ ಸೆಪ್ಟೆಂಬರ್ 22ರಂದು ಜಿಎಸ್‌ಟಿ ದರಗಳು ಬದಲಾದವಲ್ಲ, ಅದಕ್ಕೆ ಮುಂಚೆ ಇಂಥ ಕೋಣೆಗಳಲ್ಲೆಲ್ಲ 21ರ ನಡುರಾತ್ರಿ ಎಷ್ಟು ಸಲ ಬಂದು ಹೋಗಿರಬಹುದು! ಮಷೀನಿನ ಗಡಿಯಾರವನ್ನು ರಾತ್ರಿ 11.58ಕ್ಕೆ ತಿರುಗಿಸಿಟ್ಟು, ಹಳೆಯ ದರದಲ್ಲಿ ಒಂದು ಬಿಲ್ಲು, ಎರಡು ನಿಮಿಷ ಬಿಟ್ಟು ಹೊಸ ದರದಲ್ಲಿ ಇನ್ನೊಂದು. ಗೆಸ್ಟ್ ಅಡಿಷನ್ಸ್ ಸುಮ್ಮನಿರದೆ ಗಡಿಯಾರವನ್ನು ಸರಿ ಸಮಯಕ್ಕೆ ಎಳೆದು ತರುತ್ತಿರುತ್ತದೆ. ಅದರ ಬಾಯಿ ಮೊದಲು ಮುಚ್ಚಿಸಬೇಕು. ಮಾರ್ಚ್ 31ರ ರಾತ್ರಿಯಂತೂ ಇಲ್ಲಿ ವರ್ಷಕ್ಕೆ ನೂರು ಸಲ ಆಗುತ್ತದೆ.

ಆಮೇಲೆ ಭಾಷೆ. ಇಲ್ಲಿಗೆ ಬಂದಾಗ ಹುಡುಗನ ಎರಡು ಊರುಗಳೂ ಎಚ್ಚರಗೊಳ್ಳುತ್ತವೆ. ಮೊದಲು ತಮಿಳಿಗೆಂದು ಬರೆದ ಪರದೆ. ತಮಿಳಿನ ಉದ್ದ ಪದಗಳು ಗುಂಡಿಯ ಅಗಲವನ್ನು ಮೀರಿ ಓಡುತ್ತವೆ ಎಂದು ಅಗಲ ಮಾಡಿದರು. ಕನ್ನಡಕ್ಕೆ ಬೇಕಾದದ್ದು ಎತ್ತರ. ಕನ್ನಡದ ಒತ್ತಕ್ಷರ ಸಾಲಿನ ಕೆಳಗೆ ಇಳಿಯುತ್ತದೆ. ಗಿಡ್ಡ ಗುಂಡಿಯಲ್ಲಿ ತಳ ಕತ್ತರಿಸಿ ಹೋಗುತ್ತದೆ. ‘ಮುದ್ರಿಸು’ ಎಂಬುದು ‘ಮುದಿಸು’ ಆಗಿ ಕೂತಿತ್ತು. ‘ಪಟ್ಟಿ’ ಬರೀ ‘ಪಟಿ’. ಹೊಸ ಲ್ಯಾಪ್‌ಟಾಪಿನ ದೊಡ್ಡ ಪರದೆಯಲ್ಲಿ ಇದು ಯಾರ ಕಣ್ಣಿಗೂ ಬಿದ್ದಿರಲಿಲ್ಲ. 1366ರ ಪರದೆಗೆ ಅಕ್ಷರದ ಅಳತೆಯನ್ನು ಶೇಕಡಾ 125ಕ್ಕೆ ಏರಿಸಿದಾಗ ಕಂಡಿತು. ವಯಸ್ಸಾದ ಅಂಗಡಿಯವರು ಇಟ್ಟುಕೊಳ್ಳುವುದೇ ಆ ಅಳತೆ.

ಪ್ರತಿ ಮಷೀನಿನಲ್ಲೂ ಅವನು ಅಂಟಿಸಿ ನೋಡುವ ಒಂದು ಸಾಲಿದೆ: ರಾಷ್ಟ್ರ, ಸ್ತ್ರೀ, ಕರ್ತೃ, ಸೂರ್ಯ, ರ‍್ಯಾಂಕ್. ಅರ್ಥವಿಲ್ಲದ ಈ ಸಾಲೇ ಕನ್ನಡದ ಅಗ್ನಿಪರೀಕ್ಷೆ. ‘ಸೂರ್ಯ’ದಲ್ಲಿ ಅರ್ಕಾವತ್ತು ಬೇಕು, ‘ರ‍್ಯಾಂಕ್’ನಲ್ಲಿ ಬೇಡ. ಬೇಡವೆಂದು ಹೇಳಲು ರಕಾರದ ಮುಂದೆ ಕಣ್ಣಿಗೆ ಕಾಣದ ಒಂದು ಜೋಡಕ ಚಿಹ್ನೆ ಇಡಬೇಕು. ಆ ಚಿಹ್ನೆಯನ್ನು ಅರಿಯದ ಹಳೆಯ ಮಷೀನಿನಲ್ಲಿ ಅಕ್ಷರ ಬೇರೆಯದೇ ಆಗುತ್ತದೆ, ಇಲ್ಲವೇ ಚುಕ್ಕಿಗಳ ಖಾಲಿ ವೃತ್ತ ಮೂಡುತ್ತದೆ. ಇದಕ್ಕೆ ಚರಿತ್ರೆಯೂ ಉಂಟು. ಮೈಕ್ರೋಸಾಫ್ಟ್ ತಮಿಳಿಗೆ ‘ಲತಾ’ ಫಾಂಟನ್ನು ವಿಂಡೋಸ್ 2000ದಲ್ಲೇ ಕೊಟ್ಟಿತ್ತು. ಕನ್ನಡದ ‘ತುಂಗಾ’ ಬಂದದ್ದು ಎಕ್ಸ್‌ಪಿಯಲ್ಲಿ. ಅದೂ ಕಂಟ್ರೋಲ್ ಪ್ಯಾನೆಲ್ಲಿನೊಳಗೆ ಹೋಗಿ ಸಂಕೀರ್ಣ ಲಿಪಿಗಳ ಪೆಟ್ಟಿಗೆಗೆ ಗುರುತು ಹಾಕಿ, ಸಿಡಿ ತೂರಿಸಿದರೆ. ಆಮೇಲೆ ‘ನಿರ್ಮಲಾ’ ಬಂತು. ‘ನುಡಿ’, ‘ಬರಹ’ ತಂತ್ರಾಂಶಗಳ ಹಳೆಯ ಕಾಲದಲ್ಲಿ ಫಾಂಟಿಗೆ ಕಟ್ಟಿಹಾಕಿ ಟೈಪಿಸಿದ ಸಾವಿರಾರು ಪುಟಗಳು ಯೂನಿಕೋಡ್ ಜಾಗದಲ್ಲಿ ಇಂಗ್ಲಿಷಿನ ಚೂರುಪಾರಾಗಿ ಕಾಣುತ್ತವೆ. ಸಹಕಾರ ಸಂಘಗಳ ಸದಸ್ಯರ ಪಟ್ಟಿಗಳು ಇವತ್ತಿಗೂ ಹಾಗೇ ಬರುತ್ತವೆ. ಅವನ್ನು ತೆರೆದು ನೋಡಲಿಕ್ಕೆಂದೇ ಆ ಹಸಿರು ಗುಡ್ಡವನ್ನು ಬದುಕಿಸಿ ಇಟ್ಟಿರುವುದು. ಅದರ ನೆಟ್‌ವರ್ಕ್ ತಂತಿಯನ್ನು ಮಾತ್ರ ಕಿತ್ತಿಟ್ಟಿದ್ದಾರೆ. ಬೆಂಬಲ ನಿಂತ ವ್ಯವಸ್ಥೆಯನ್ನು ಇಂಟರ್‌ನೆಟ್ಟಿಗೆ ಬಿಡುವುದು ಬುದ್ಧಿವಂತಿಕೆಯಲ್ಲ. 2025ರ ಅಕ್ಟೋಬರ್ 14ರಿಂದ ವಿಂಡೋಸ್ 10 ಕೂಡ ಆ ಸಾಲಿಗೆ ಸೇರಿತು.

ಮೂಲೆಯ ಬಾಸ್ ಈ ಊರಿನದೇ ಮಗು. ಓಎಂಆರ್ ಶುರುವಾಗುವಲ್ಲಿ, ತರಮಣಿಯ ಟೈಡಲ್ ಪಾರ್ಕ್ ಇದೆ. 2000ದ ಜುಲೈನಲ್ಲಿ ಪ್ರಧಾನಿ ವಾಜಪೇಯಿ ಉದ್ಘಾಟಿಸಿದ ದೊಡ್ಡ ಕಟ್ಟಡ. ಅಲ್ಲಿರುವ ಸಿ-ಡ್ಯಾಕ್ ಸಂಸ್ಥೆಯ ಚೆನ್ನೈ ಕೇಂದ್ರದವರು ಡೆಬಿಯನ್ ಲಿನಕ್ಸನ್ನು ಆಧಾರವಾಗಿಟ್ಟು ಭಾರತೀಯ ಭಾಷೆಗಳಿಗೆ ಅನುಕೂಲವಾಗುವಂತೆ ಕಟ್ಟಿದ್ದು ‘ಭಾರತ್ ಆಪರೇಟಿಂಗ್ ಸಿಸ್ಟಂ ಸೊಲ್ಯೂಷನ್ಸ್’. 2007ರ ಜನವರಿಯಲ್ಲಿ ಮೊದಲು ಬಂತು. ಅನಂತ್, ತೇಜಸ್, ಅನೋಖಾ, ಉನ್ನತಿ ಎಂದು ಒಂದೊಂದು ಆವೃತ್ತಿಗೂ ಒಂದೊಂದು ಹೆಸರು. 2011ರಿಂದ ತಮಿಳುನಾಡು ಸರ್ಕಾರ ವಿದ್ಯಾರ್ಥಿಗಳಿಗೆ ಪುಕ್ಕಟೆ ಹಂಚಿದ ಹಲವು ಲ್ಯಾಪ್‌ಟಾಪ್‌ಗಳಲ್ಲಿ ವಿಂಡೋಸಿನ ಪಕ್ಕದಲ್ಲಿ ಅದೂ ಇತ್ತು. ಹುಡುಗ ಲಿನಕ್ಸನ್ನು ಮೊದಲು ಕಂಡದ್ದು ಅಂಥದ್ದರಲ್ಲೇ. “ಆಗ ಎಲ್ರೂ ಅದನ್ನ ತೆಗೆದು ಸಿನಿಮಾಕ್ಕ ಜಾಗ ಮಾಡ್ಕೊಂಡ್ರು ಸಾರ್. ನಾನೂನೂ.” ಬಾಸ್ ಜನರ ಮನೆ ಸೇರಲಿಲ್ಲ ಎಂಬುದು ನಿಜ. ಆದರೆ ಸರ್ಕಾರಿ ಗಿರಾಕಿ ಯಾವಾಗ ಕೇಳುತ್ತಾನೋ ತಿಳಿಯದು, ಮಷೀನು ಕಟ್ಟಿಡಲು ಬೇಕಾದದ್ದು ಒಂದು ಗಂಟೆ. ಡೆಬಿಯನ್ ಮನೆತನದ್ದಾದ್ದರಿಂದ ಗುಬ್ಬಿ, ನವಿಲು ಎಂಬ ಚೆಂದದ ಕನ್ನಡ ಫಾಂಟುಗಳೂ ಕೈಗೆಟುಕುತ್ತವೆ.

ಸಂಜೆ ನಾಲ್ಕಕ್ಕೆ ಟೀ ಬರುತ್ತದೆ, ಜೊತೆಗೆ ಬಾಳೆಕಾಯಿ ಬಜ್ಜಿ. 2015ರ ಡಿಸೆಂಬರಿನ ಮಹಾಮಳೆಯ ಮಾತು ಬಂತು. 2023ರ ಮಿಚಾಂಗ್ ಚಂಡಮಾರುತದ್ದೂ. ಪಳ್ಳಿಕರಣೈ ಜೌಗಿನ ಅಂಚಿನ ಈ ಪ್ರದೇಶದಲ್ಲಿ ನೀರು ಬಂದರೆ ನಿಲ್ಲುವುದೇ. ಹಿಂದೆ ಟೆಸ್ಟಿಂಗ್ ಲ್ಯಾಬ್ ಅಂದರೆ ಗೋಡೆಗೊರಗಿಸಿದ ಹಳೆಯ ಸಿಪಿಯುಗಳ ಸಾಲು, ನೆಲದಿಂದ ಒಂದು ಗೇಣು ಮೇಲೆ. ಈಗ ಲ್ಯಾಬಿಗೆ ಲ್ಯಾಬೇ ಒಂದು ಪೋರ್ಟಬಲ್ ಡಿಸ್ಕಿನಲ್ಲಿ ಮಡಚಿಕೊಂಡು ಬ್ಯಾಗಿಗೆ ಹೋಗುತ್ತದೆ. 2020ರ ಲಾಕ್‌ಡೌನಿನಲ್ಲಿ ಹಾಗೆಯೇ ಹೋಯಿತು, ತಾಳವಾಡಿಯ ಜಗಲಿಯವರೆಗೆ.

ವಿಎಂ ಎಲ್ಲವನ್ನೂ ಹಿಡಿಯುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಬಿಲ್ಲು ಹೊಡೆಯುವ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರಿನ ಕಾಗದ ಸಿಕ್ಕಿಕೊಳ್ಳುವುದನ್ನು ಅದು ತೋರಿಸುವುದಿಲ್ಲ. ಬೆರಳಚ್ಚಿನ ಯಂತ್ರ, ತೂಕದ ಯಂತ್ರದ ಸೀರಿಯಲ್ ತಂತಿ, ಗ್ರಾಫಿಕ್ಸ್ ಕಾರ್ಡಿನ ಕಿರಿಕಿರಿ, ಇವುಗಳಿಗೆ ನಿಜವಾದ ಕಬ್ಬಿಣವೇ ಬೇಕು. ಕೋಣೆಯ ಬೀರುವಿನಲ್ಲಿ ಅದಕ್ಕೆಂದೇ ಒಂದು ಮುದಿ ಪಿಸಿ ಇದೆ. ರಿಲೀಸಿನ ಹಿಂದಿನ ದಿನ ಅದನ್ನು ಇಳಿಸಿ, ದೂಳು ಒರೆಸುತ್ತಾರೆ.

ಕನ್ನಡಕ್ಕಾಗಿ ತಂತ್ರಾಂಶ ಬರೆಯುವವರು ನಮ್ಮಲ್ಲಿ ಬಹಳ ಮಂದಿ ಇಲ್ಲ. ಇರುವವರಲ್ಲೂ ಹಲವರು ಬಿಡುವಿನ ವೇಳೆಯಲ್ಲಿ, ಒಂಟಿಯಾಗಿ, ಕೈಯಿಂದ ದುಡ್ಡು ಹಾಕಿ ಮಾಡುವವರು. ಅವರಿಗೆ ನನ್ನ ಕೋರಿಕೆ ಇಷ್ಟೆ. ವರ್ಚುವಲ್‌ಬಾಕ್ಸಿಗೆ ಕಾಸಿಲ್ಲ, ವಿಂಡೋಸ್ ಎಂಟರ್‌ಪ್ರೈಸನ್ನು 90 ದಿನ ಪರೀಕ್ಷೆಗೆಂದು ಮೈಕ್ರೋಸಾಫ್ಟೇ ಪುಕ್ಕಟೆ ಕೊಡುತ್ತದೆ, ಲಿನಕ್ಸಿಗೆ ಅದೂ ಬೇಕಿಲ್ಲ. ಮುಂದಿನ ಆವೃತ್ತಿ ಬಿಡುವ ಮೊದಲು ಏನೂ ಗೊತ್ತಿಲ್ಲದ ಒಂದು ಖಾಲಿ ಮಷೀನು ಕಟ್ಟಿ, ಎರಡೇ ಜಿಬಿ ರ‍್ಯಾಮ್ ಕೊಟ್ಟು, ಅಕ್ಷರವನ್ನು 125ಕ್ಕೆ ಏರಿಸಿ, ನಿಮ್ಮ ತಂತ್ರಾಂಶದಲ್ಲಿ ‘ರ‍್ಯಾಂಕ್’ ಎಂದು ಒಮ್ಮೆ ಟೈಪಿಸಿ ನೋಡಿ. ಸರಿಯಾಗಿ ಬಂದರೆ ಬಿಡುಗಡೆ ಮಾಡಿ.